ನಾನು ಬರೆಸದೆ ಬಿಟ್ಟ ಬಟ್ಟಲು

ಪಂಗಂದರಾನ್
ಶುಕ್ರವಾರ ಮಧ್ಯಾಹ್ನ

ಪ್ರೀತಿಯ ವಿವಿನ್‌ಗೆ, ನಿನ್ನ ದೊಡ್ಡಪ್ಪ ಎಂತಿಸ್ ಮಾಡುವ ಆಶೀರ್ವಾದಗಳು.

ಹೇಗಿದ್ದೀಯ ಮಗಳೇ? ನಿನ್ನ ಅಮ್ಮ ಇಯಾಹ್‌ಳ ಮೊಣಕಾಲು ನಮಾಜಿಗೆ ಮಡಚಲು ಬರುತ್ತಿದೆಯೇ? ನಿನ್ನ ಗಂಡ ದಾದಾಂಗ್‌ನ ಕೆಮ್ಮು ಇಳಿಯಿತೇ? ಅಕ್ಕಿಗಿರಣಿಯಲ್ಲಿ ಮೂಗಿಗೆ ಬಟ್ಟೆ ಕಟ್ಟಿಕೋ ಎಂದರೆ, ತನ್ನ ಮೂಗು ಚೆನ್ನಾಗಿದೆ, ಮುಚ್ಚಬಾರದು ಎನ್ನುವವನು ಅವನು. ಪುಟ್ಟ ಇಲ್ಹಾಮ್‌ಗೆ ಹಲ್ಲು ಬಂದಿರಬೇಕು. ಇಲ್ಲಿ ನಿನ್ನ ಅಕ್ಕ ಲಿಲಿಸ್ ಮತ್ತು ಅಳಿಯ ಚೆನ್ನಾಗಿದ್ದಾರೆ.

ಎಲ್ಲರಿಗಿಂತ ಮೊದಲು ಕೇಳಬೇಕಾದ ಹೆಸರನ್ನು ಕೊನೆಗೆ ಕೇಳುತ್ತಿದ್ದೇನೆ. ಯಾಂತಿ ಹೇಗಿದ್ದಾಳೆ? ಆಸ್ಪತ್ರೆಯಿಂದ ಮನೆಗೆ ಬಂದಳು, ಗಂಟಲಿನ ಊತ ಇಳಿಯಿತು ಎಂದು ಫೋನಿನಲ್ಲಿ ನೀನು ಹೇಳಿದೆ. ಶಾಲೆಗೆ ಹೋಗುತ್ತಿದ್ದಾಳೆಯೇ? ಬರೆಯುವಾಗ ಅದನ್ನು ಮೊದಲ ಸಾಲಿನಲ್ಲಿ ಬರೆ.

ಅವತ್ತು ಫೋನಿನಲ್ಲಿ ನೀನು ಅಳುತ್ತಿದ್ದೆ. "ದೊಡ್ಡಪ್ಪ, ಒಂದು ಮಗೂನ ಸಾಯಿಸ್ತಿದ್ದೆ ನಾನು. ಇನ್ನು ಆ ಸೌಟು ಮುಟ್ಟಲ್ಲ," ಅಂದೆ. ಅಂಗಡಿ ಮುಚ್ಚಿ ಹನ್ನೊಂದು ದಿನವಾಯಿತು ಅಂದೆ. ಉಪವಾಸದ ತಿಂಗಳ ಹಗಲು ಬಿಟ್ಟರೆ ನಮ್ಮ ಗಂಜಿಯಂಗಡಿ ಇಷ್ಟು ದಿನ ಮುಚ್ಚಿದ್ದೇ ಇಲ್ಲ. ನಾನು ಅಲ್ಲಿಗೇ ಫೋನ್ ಇಟ್ಟುಬಿಟ್ಟೆ. ದೊಡ್ಡಪ್ಪನಿಗೆ ಸಿಟ್ಟು ಬಂದಿದೆ ಎಂದು ನೀನು ತಿಳಿದಿರುತ್ತೀಯ. ಸಿಟ್ಟಲ್ಲ ಕಣಮ್ಮ. ಹೇಳಬೇಕಾದ ಮಾತೊಂದಿತ್ತು, ಹೇಳಲು ಧೈರ್ಯ ಬರಲಿಲ್ಲ. ಕಾಗದದ ಮೇಲಾದರೆ ನಿನ್ನ ಮುಖ ಕಾಣುವುದಿಲ್ಲ, ಆ ಧೈರ್ಯದಲ್ಲಿ ಬರೆಯುತ್ತಿದ್ದೇನೆ.

ಅಂಗಡಿಯನ್ನು ನಿನಗೆ ವಹಿಸಿ ನಾನು ಇಲ್ಲಿ ಲಿಲಿಸ್ ಮನೆಗೆ ಬರುವ ಮುಂಚಿನ ಆ ಮಧ್ಯಾಹ್ನ ನೆನಪಿದೆಯೇ? ಶಾಲೆಗೆ ರಜೆ, ವ್ಯಾಪಾರ ಕಡಿಮೆ. ಹಂಡೆ ತೊಳೆದು ಬೋರಲು ಹಾಕಿದ್ದೆವು. ನೀನು ನೋಟ್‌ಪುಸ್ತಕ ತಂದು ಬೆಂಚಿನ ಮೇಲೆ ಕಾಲು ಮಡಚಿ ಕೂತೆ. ದಿನಾ ಬರುವವರು ಯಾರೂ ನಮ್ಮಲ್ಲಿ ಬಾಯಿಬಿಟ್ಟು ಕೇಳುವುದಿಲ್ಲವಲ್ಲ. ಬೆರಳೆತ್ತಿ ಎಷ್ಟು ಬಟ್ಟಲು ಅಂತ ತೋರಿಸುತ್ತಾರೆ, ಉಳಿದದ್ದು ನನಗೆ ಗೊತ್ತು. ಅದನ್ನೆಲ್ಲ ಬರೆಸಿ ಎಂದು ನೀನು ಹಟ ಹಿಡಿದೆ.

"ಡ್ರಾಯಿಂಗ್ ಮೇಷ್ಟ್ರಿಗೆ?"

"ಹಪ್ಪಳ ಬೇರೆ ತಟ್ಟೇಲಿ. ಗಂಜಿ ಮೇಲೆ ಹಾಕಿ ಮೆತ್ತಗಾದ್ರೆ ಇಡೀ ಕ್ಲಾಸಿಗೆ ಏಟು ಬೀಳುತ್ತೆ."

"ಹೊಲಿಗೆ ಅಂಗಡಿ ಎನೋಹಮ್ಮನಿಗೆ?"

"ಸೋಯಾ ರಸ ಬೇಡ. ಈರುಳ್ಳಿ ಜಾಸ್ತಿ. ಮಾತು ಜಾಸ್ತಿ."

"ಮಾತು ಎಷ್ಟು ಚಮಚ ಅಂತ ಬರ್ಕೊಳ್ಲಿ ದೊಡ್ಡಪ್ಪ?"

ಹೀಗೆ ನಗುತ್ತ ನೀನು ಮೂವತ್ತೊಂದು ಜನರದು ಬರೆದುಕೊಂಡೆ. ಅಲ್ಲಿಗೆ ನಾನು ಎದ್ದೆ. "ಸಾಕು ಬಿಡೇ ಮೇಷ್ಟ್ರಮ್ಮ, ಗಂಜಿ ಹಾಕೋಕೆ ಪಠ್ಯಪುಸ್ತಕ ಬೇಕಾ? ಮಿಕ್ಕಿದ್ದು ನಿಂತೂ ನಿಂತೂ ಬರುತ್ತೆ. ನಂಗೆ ಯಾರು ಬರೆಸಿದ್ರು?" ಅಂದೆ. ನೀನು ತಲೆಯೆತ್ತಿ, "ನಿಮಗೆ ಅದಕ್ಕೆ ಮೂವತ್ತು ವರ್ಷ ಬೇಕಾಯ್ತು. ನಂಗೆ ಸೋಮವಾರಕ್ಕೆ ಬೇಕು," ಅಂದೆ. ನಾನು ನಕ್ಕು ಮನೆಗೆ ಹೋದೆ.

ಬೇಸರವಾಗಿ ಎದ್ದೆ ಎಂದು ನೀನು ತಿಳಿದಿರಬಹುದು. ಈಗ ನಿಜ ಬರೆಯುತ್ತೇನೆ. ನೀನು ಬರೆದುಕೊಳ್ಳುತ್ತಿದ್ದಂತೆ ನಾನು ಕರಗುತ್ತಿದ್ದೇನೆ ಅನ್ನಿಸಿತು. ಮೂವತ್ತು ವರ್ಷ ಮಾಂಗ್ ಎಂತಿಸ್, ಮಾಂಗ್ ಎಂತಿಸ್ ಎಂದು ಸ್ವಂತ ಮಾವನ ಹಾಗೆ ಊರು ಕರೆದದ್ದು ಈ ಒಂದು ಕಾರಣಕ್ಕೆ. ಅದೇ ಹತ್ತು ಹಾಳೆಯ ಪುಸ್ತಕದಲ್ಲಿ ಹಿಡಿಸಿಬಿಟ್ಟರೆ ನಾನು ಯಾಕೆ ಬೇಕು? ಒಂದಿಷ್ಟು ಜನಕ್ಕೆ ನನ್ನ ಕೊರತೆ ಕಾಣಲಿ, 'ಎಂತಿಸ್ ಇದ್ದಿದ್ದರೆ' ಎನ್ನಲಿ ಎಂದು ಉಳಿದವರನ್ನು ನನ್ನ ತಲೆಯಲ್ಲೇ ಇಟ್ಟುಕೊಂಡು ಬಸ್ಸು ಹತ್ತಿದೆ.

ಕಳೆದ ತಿಂಗಳು ಬಸ್ ಕಂಡಕ್ಟರ್ ಓಜೆ ಇಲ್ಲಿಗೆ ಬಂದಿದ್ದ. "ಏನ್ ಮಾಂಗ್, ನೀವು ಹೋದ್ಮೇಲೆ ಗಂಜಿ ಗಂಜಿ ಥರ ಇಲ್ಲ ಬಿಡಿ. ಸೊಪ್ಪು ಬೇಡ ಅಂತ ನಾನೇ ಬಾಯಿಬಿಟ್ಟು ಹೇಳ್ಬೇಕಾಯ್ತು!" ಅಂದ. ನನಗೆ ಎಷ್ಟು ಸಂತೋಷವಾಯಿತು ಗೊತ್ತೇ? ಅವನಿಗೆ ಎರಡು ಸಲ ಚಹಾ ಕೊಡಿಸಿದೆ. "ಹುಡುಗಿ ಹೊಸಬಳು, ಕಲೀತಾಳೆ," ಎಂದು ದೊಡ್ಡ ಮನುಷ್ಯನ ಹಾಗೆ ಬೇರೆ ಹೇಳಿದೆ.

ಹಾಗೆ ಬರೆಸದೆ ಬಿಟ್ಟವರಲ್ಲಿ ಯಾಂತಿ ಇದ್ದಳು, ವಿವಿನ್.

ನಾಲ್ಕು ವರ್ಷದವಳಿದ್ದಾಗ ನಮ್ಮ ಬೆಂಚಿನ ಮೇಲೇ ಒಂದು ಕಡಲೆಬೀಜ ತಿಂದು ಅವಳ ತುಟಿ ಊದಿತ್ತು. ನಾನೇ ಎತ್ತಿಕೊಂಡು ಡಾಕ್ಟರ ಹತ್ತಿರ ಓಡಿದ್ದೆ. ಅಂದಿನಿಂದ ಕಡಲೆಬೀಜದ ಡಬ್ಬಿಯ ಮುಚ್ಚಳ ತೆಗೆಯುವ ಮುಂಚೆಯೇ ಅವಳ ಬಟ್ಟಲು ತುಂಬಿಸಿ ಪಕ್ಕಕ್ಕಿಡುತ್ತಿದ್ದೆ. ಎಷ್ಟು ರೂಢಿಯಾಗಿತ್ತೆಂದರೆ, ಅದೊಂದು ನಿಯಮ ಎಂಬುದೇ ಮರೆತುಹೋಗಿತ್ತು. ಅವತ್ತು ಬೆಂಚಿನಿಂದ ಎದ್ದಾಗ ಅವಳ ನೆನಪು ಬರಲೇ ಇಲ್ಲ. ಬಂದಿದ್ದರೆ ಹೇಳುತ್ತಿದ್ದೆ, ದೇವರಾಣೆ. ನನ್ನ ಹೆಸರಿನ ಚಿಂತೆಯಲ್ಲಿ ಮಗು ಮರೆತುಹೋಯಿತು, ಇಷ್ಟೇ ನಿಜ.

ನೀನು ಫೋನಿನಲ್ಲಿ ಹೇಳಿದ್ದನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ದೊಡ್ಡ ರಜೆ ಮುಗಿದು ಶಾಲೆ ಶುರುವಾದ ಮೊದಲ ದಿನ, ನಿನ್ನ ಕೈಗೆ ಅಂಗಡಿ ಬಂದು ಆರು ವಾರವಾಗಿತ್ತು. ಯಾಂತಿಯ ಅಮ್ಮ ಮದುವೆಗೆಂದು ಬೇರೆ ಊರಿನಲ್ಲಿ. ಅಜ್ಜಿ ಡಬ್ಬಿ ಹಿಡಿದು ಬಂದು, "ನಮ್ಮ ಯಾಂತಿಗೆ ಕಣಮ್ಮ, ಎಂದಿನ ಹಾಗೆ," ಅಂದರು. ನೀನು ಸುಮ್ಮನೆ ಹಾಕಿಬಿಡಲಿಲ್ಲ. "ಎಂದಿನ ಹಾಗೆ ಅಂದ್ರೆ ಹೇಗಜ್ಜಿ?" ಎಂದು ಕೇಳಿದೆ. "ಅಯ್ಯೋ, ಇಷ್ಟು ವರ್ಷ ಕೊಟ್ಟಿದ್ದೀರಲ್ಲ, ನಿಮಗೆ ಗೊತ್ತಿಲ್ವಾ?" ಅಂದರು ಅವರು. ನೀನು ಪುಸ್ತಕ ತಿರುವಿ ನೋಡಿದೆ. ಅದರಲ್ಲಿ ಯಾಂತಿ ಇರಲಿಲ್ಲ. ಇಲ್ಲವೆಂದರೆ ಎಲ್ಲರ ಹಾಗೇ ಎಂದುಕೊಂಡು ಮೇಲೆ ಕಡಲೆಬೀಜ ಉದುರಿಸಿದೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಿದ್ದರು. ಕೇಳಬೇಕಾದ್ದನ್ನು ನೀನು ಕೇಳಿದೆ, ನೋಡಬೇಕಾದ್ದನ್ನು ನೋಡಿದೆ. ಬರೆಸಬೇಕಾದವನು ಇಲ್ಲಿ ಸಮುದ್ರದ ಗಾಳಿ ಕುಡಿಯುತ್ತ ಕೂತಿದ್ದ.

ಇನ್ನೊಂದು ಮಾತು. ಹಂಡೆಗೆ ನೀರು ಎಲ್ಲಿಯವರೆಗೆ ಎಂದು ನೀನು ಒಳಗೆ ಗೀರು ಎಳೆದಾಗ ನಾನು ಗೇಲಿ ಮಾಡಿದೆ. ಮೇಜು ಒರೆಸಲು ಬಿಳಿ ಬಟ್ಟೆ, ಬಟ್ಟಲು ಒರೆಸಲು ನೀಲಿ ಬಟ್ಟೆ ಎಂದಾಗ, "ಬಟ್ಟೆಗೂ ಯೂನಿಫಾರ್ಮಾ?" ಅಂದೆ. ನನ್ನ ಕೈಯಲ್ಲಿ ತಿಂಗಳಿಗೆ ಎರಡು ಸಲವಾದರೂ ಗಂಜಿ ತಳ ಹಿಡಿಯುತ್ತಿತ್ತು. ಕೇಳಿದವರಿಗೆ ಸೌದೆ ಹಸಿ ಎನ್ನುತ್ತಿದ್ದೆ. ನಿನ್ನ ಆರು ವಾರದಲ್ಲಿ ಒಂದು ಸಲವೂ ತಳ ಹಿಡಿದಿಲ್ಲ. ಇದನ್ನು ಹೇಳಿದವನೂ ಆ ಓಜೆಯೇ. ಅದನ್ನು ಮಾತ್ರ ನಾನು ಕಿವಿಗೆ ಹಾಕಿಕೊಳ್ಳಲಿಲ್ಲ. ನನ್ನದು ಬರೀ ಕೈಯ ಅಭ್ಯಾಸ. ನಾಳೆ ನಿನಗೆ ಜ್ವರ ಬಂದು ದಾದಾಂಗ್ ಸೌಟು ಹಿಡಿದರೂ ಗಂಜಿ ಕೆಡದ ಹಾಗೆ ಅಂಗಡಿ ಕಟ್ಟುತ್ತಿದ್ದವಳು ನೀನು.

ಈ ಪತ್ರದ ಜೊತೆ ಒಂದು ನೋಟ್‌ಪುಸ್ತಕ ಕಳಿಸುತ್ತಿದ್ದೇನೆ. ಒಂಬತ್ತು ದಿನ ಕೂತು, ಕಣ್ಣು ಮುಚ್ಚಿ ಒಂದೊಂದೇ ಮುಖ ನೆನೆದು ಬರೆದಿದ್ದೇನೆ. ಮೊದಲ ಪುಟ ಯಾಂತಿಯದು. ನನ್ನ ಅಕ್ಷರ ಕೋಳಿ ಕೆದರಿದ ಹಾಗಿದೆ, ಬೇಕಾದರೆ ನೀನು ತಿದ್ದಿ ಬರೆದುಕೋ. ಆದರೆ ಪುಸ್ತಕವನ್ನೂ ಪೂರ್ತಿ ನಂಬಬೇಡ. ಶಾಲೆಯ ಗಂಟೆ ಹೊಡೆಯುವ ಹೊತ್ತಿಗೆ ಹತ್ತು ಜನ ಮುತ್ತಿಕೊಂಡರೆ ಯಾರು ಪುಟ ತಿರುವುತ್ತಾರೆ? ಕಡಲೆಬೀಜದ ಡಬ್ಬಿಯನ್ನು ಹಂಡೆಯ ಪಕ್ಕದಿಂದ ತೆಗೆದು ಆ ತುದಿಗಿಡು, ಕೂತಲ್ಲಿಂದ ಕೈಗೆ ಸಿಗಬಾರದು. ಅದರ ಚಮಚ ಬೇರೆ ಯಾವುದಕ್ಕೂ ತಾಕಬಾರದು. ಬೀಜ ಬೇಕು ಎಂದು ಬಾಯಿಬಿಟ್ಟು ಕೇಳಿದವರಿಗೆ ಮಾತ್ರ ಎದ್ದು ಹೋಗಿ ಹಾಕು. ನಡೆಯುವ ಆ ನಾಲ್ಕು ಹೆಜ್ಜೆಯಲ್ಲಿ ಯೋಚಿಸಲು ಹೊತ್ತು ಸಿಗುತ್ತದೆ. 'ಎಂದಿನ ಹಾಗೆ' ಎಂದವರಿಗೆ ನಗುತ್ತಲೇ, "ನಂಗೆ ಎಂದಿನದು ಗೊತ್ತಿಲ್ಲ, ಇವತ್ತಿಂದು ಹೇಳಿ," ಅನ್ನು. ಬೈದುಕೊಳ್ಳಲಿ. ಎನೋಹಮ್ಮ ಖಂಡಿತ ಬೈಯುತ್ತಾಳೆ.

ಯಾಂತಿಯ ಅಮ್ಮನಿಗೆ ಬೇರೆ ಪತ್ರ ಬರೆದಿದ್ದೇನೆ, ತಪ್ಪು ನನ್ನದೆಂದು. ಉತ್ತರ ಬಂದಿಲ್ಲ. ಬರಬೇಕೆಂದೂ ಇಲ್ಲ. ಬುಧವಾರದ ಬಸ್ಸಿಗೆ ಹೊರಟು ನಾನೇ ಅವರ ಬಾಗಿಲಲ್ಲಿ ನಿಲ್ಲುತ್ತೇನೆ. ನೀನು ಜೊತೆಗೆ ಬರುವುದು ಬೇಡ. ಅವರು ಒಳಗೆ ಕರೆಯದಿದ್ದರೆ ಹೊರಗಿನಿಂದಲೇ ಹೇಳಿ ಬರುತ್ತೇನೆ.

ಅದಾದ ಮೇಲೆ ಅಂಗಡಿ ನಿನ್ನದು, ತೀರ್ಮಾನವೂ ನಿನ್ನದು. ಬೇಡವೇ ಬೇಡ ಎಂದರೆ ಹಂಡೆಯನ್ನು ಯಾರಿಗಾದರೂ ಕೊಟ್ಟುಬಿಡೋಣ, ನಾನು ಒಂದು ಮಾತೂ ಆಡುವುದಿಲ್ಲ. ತೆರೆಯುತ್ತೇನೆ ಎಂದರೆ ನಾಲ್ಕು ದಿನ ಅಲ್ಲೇ ಉಳಿದು ಹಿಂದುಗಡೆ ಕೂತು ಬಟ್ಟಲು ತೊಳೆಯುತ್ತೇನೆ. ಸೌಟು ಮುಟ್ಟುವುದಿಲ್ಲ. ಯಾರಾದರೂ ಮಾಂಗ್ ಎಂತಿಸ್ ಎಂದು ಕರೆದರೆ, ಕೈ ಒದ್ದೆ, ವಿವಿನ್‌ನ ಕೇಳಿ ಎನ್ನುತ್ತೇನೆ.

ಇದನ್ನೆಲ್ಲ ಓದಿ ನಿನಗೆ ನನ್ನ ಮೇಲೆ ಸಿಟ್ಟು ಬರಬೇಕು. ನಿನ್ನ ಮೇಲೆ ನೀನು ಮಾಡಿಕೊಂಡ ಸಿಟ್ಟನ್ನೆಲ್ಲ ಇತ್ತ ಕಳಿಸು ಮಗಳೇ, ಅದರ ವಿಳಾಸ ಇದೇ. ದೇವರು ನಿನ್ನ ಕೈಗೆ ಬಲ ಕೊಡಲಿ, ಮನಸ್ಸಿಗೆ ನೆಮ್ಮದಿ ಕೊಡಲಿ. ಬುಧವಾರದೊಳಗೆ ತಲುಪುವ ಹಾಗೆ ಎರಡು ಸಾಲು ಬರೆ. ಬೈಗುಳವೇ ಆದರೂ ಸರಿ, ಬೇಗ ಬರೆ.

ನಿನ್ನ ದೊಡ್ಡಪ್ಪ,
ಎಂತಿಸ್