ಅವ್ವ ಹಾಲಿನ ಋಣವನ್ನು ಫೋನಿನಲ್ಲಿ ಬಿಡಲೊಲ್ಲಳು

ವಿಮಾನಯಾನ ಇಲಾಖೆಯ ಮಾನ್ಯ ಸಚಿವರೇ,

ಸರ್ಕಾರದ ವಿಮಾನ ಕಂಪನಿಯನ್ನು ಮಾರಿದಿರಿ. ಕೊಂಡವರು ಲಾಭವಿಲ್ಲವೆಂದು ಕೊಲ್ಲಿಯಿಂದ ನಮ್ಮ ಕಡೆ ಬರುವ ದಾರಿ ಬಿಟ್ಟರು. ಆ ದಾರಿ ಒಂದೇ ಖಾಸಗಿ ಕಂಪನಿಯ ಕೈಗೆ ಬಿತ್ತು. ಕೊಲ್ಲಿ ದೇಶದಲ್ಲಿ ವೆಲ್ಡಿಂಗ್ ಮಾಡುವ ನನ್ನ ಅಣ್ಣ ಹಯಾತ, ಸವಣೂರಿನಲ್ಲಿ ಸಾಯುತ್ತಿರುವ ಅವ್ವನ ಬಳಿ ಬರಲು ಈಗ ಅವರೊಬ್ಬರ ದಯೆ ಬೇಕು. ಆ ದಯೆ ಈ ವಾರದಲ್ಲೇ ಎರಡು ಸಲ ರದ್ದಾಗಿದೆ.

ನಮ್ಮ ಮನೆತನದಲ್ಲಿ ತಾಯಿ ಕಣ್ಣು ಮುಚ್ಚುವ ಮುನ್ನ ಮಕ್ಕಳ ತಲೆಯ ಮೇಲೆ ಕೈಯಿಟ್ಟು ಹಾಲಿನ ಋಣ ಮಾಫ್ ಮಾಡುತ್ತಾಳೆ. ಮಂಗಳವಾರ ನನಗೆ ಮಾಡಿದಳು. ಅಣ್ಣನಿಗೆ ವಿಡಿಯೋ ಕಾಲ್ ಹಚ್ಚಿಕೊಟ್ಟರೆ ಫೋನನ್ನೇ ದೂಡಿದಳು.

"ಹಾಲು ಫೋನಿನ್ಯಾಗ ಕುಡದಿದ್ನೇನ ಅಂವ? ಬಂದು ತಲಿ ಕೊಡು ಅನ್ನು."

"ಅವ್ವಾ, ಹಟಾ ಮಾಡಬ್ಯಾಡ," ಎಂದು ಅವನು ಅತ್ತ.

"ಹಾಲು ಬಿಡಸೂಮುಂದ ನೀ ಮಾಡಿದ ಹಟದ ಮುಂದ ಇದೇನೂ ಅಲ್ಲ ಬಿಡು."

ಭಾನುವಾರ ದಾಟುವುದು ಕಷ್ಟವೆಂದಿದ್ದಾರೆ ಡಾಕ್ಟರು. ಬುಧವಾರದ ವಿಮಾನ ರದ್ದು, ಇಂದು ಶುಕ್ರವಾರದ್ದೂ ರದ್ದು. ಮುಂದಿನ ಸೀಟು ಒಂಬತ್ತು ದಿನ ಬಿಟ್ಟು. ಸುತ್ತುಬಳಸಿ ಬರುವ ಟಿಕೆಟ್ಟಿಗೆ ಅಣ್ಣನ ನಾಲ್ಕು ತಿಂಗಳ ಸಂಬಳ ಸಾಲದು. ಟಿಕೆಟ್ ಮಾಡಿಸಿಕೊಡುವ ಹುಲಗೂರಿನ ಹಾಲೇಶ ಕೈಚೆಲ್ಲಿದ್ದಾನೆ: "ತಂಗೀ, ಮೊದಲ ಇವ್ರು ಆಗಂಗಿಲ್ಲಂದ್ರ ಅವ್ರ ಕಡೆ ನೋಡ್ತಿದ್ದೆ. ಈಗ ಅವ್ರು ಅಂಬವ್ರ ಇಲ್ಲಲ್ಲ!"

ಮಾನ್ಯರೇ, ನಾನು ಓದಿದ್ದು ಪಿಯುಸಿ. ಉಳಿದದ್ದೆಲ್ಲ ಸಭೆಗಳಲ್ಲಿ ಹಂಚುವ ಕರಪತ್ರಗಳಿಂದ ಕಲಿತದ್ದು. ಸರ್ಕಾರಿ ವಿಮಾನವನ್ನು ನಾನೇನೂ ಪೂಜಿಸುವುದಿಲ್ಲ. ಅದು ತಡವಾಗುತ್ತಿತ್ತು, ಆದರೆ ಬರುತ್ತಿತ್ತು. ಮಾರಾಟದ ಸುದ್ದಿ ಕೇಳಿ ಹಯಾತನೇ ಹಿಗ್ಗಿದ್ದ: "ಇನ್ನ ಮ್ಯಾಲೆ ಹೇಳಾಂವ ಕೇಳಾಂವ ಒಬ್ಬ ಮಾಲಕ ಇರ್ತಾನ ನೋಡು!" ಮಾರಾಟ ಬೇಡವೆನ್ನುವ ಕರಪತ್ರ ಹಿಡಿದು ಅವನೊಡನೆ ಜಗಳವಾಡಿದ್ದೆ. ಈಗ ಗೆದ್ದಿದ್ದೇನೆ. ಇಂಥ ಗೆಲುವು ಶತ್ರುವಿಗೂ ಬೇಡ.

ಸರ್ಕಾರಿ ಬಸ್ಸು ಬಾರದ ದಿನ ಟಂಟಂ ರಿಕ್ಷಾದವನು ಹೇಳಿದ್ದೇ ದರ, ಹತ್ತಿಸಿಕೊಂಡರಷ್ಟೇ ಪ್ರಯಾಣ. ಹಂಸಭಾವಿಯ ಸಂತೆಗೆ ಹೋಗುವ ಮುದುಕಿಗೆ ತಿಳಿದ ಈ ಅರ್ಥಶಾಸ್ತ್ರ ನಿಮ್ಮ ತಜ್ಞರಿಗೆ ತಿಳಿಯಲಿಲ್ಲವೇ? ಮಾರಿದರೆ ಸ್ಪರ್ಧೆ ಬೆಳೆಯುತ್ತದೆ ಎಂದಿರಿ. ಒಬ್ಬನೇ ಓಡುವ ಪಂದ್ಯದಲ್ಲಿ ಸ್ಪರ್ಧೆ ಯಾರೊಡನೆ?

ಒಬ್ಬರ ಪಾಲಾದ ದಾರಿಯಲ್ಲಿ ವಿಮಾನ ಹಾರಲೇಬೇಕು, ದರಕ್ಕೆ ಮಿತಿ ಇರಲೇಬೇಕು ಎಂಬ ನಿಯಮ ತನ್ನಿ. ಅದಕ್ಕೆ ವರ್ಷ ಹಿಡಿದರೂ ಹಿಡಿಯಲಿ. ಆದರೆ ಹಾರಲು ಅವರಿಗೆ ಪರವಾನಗಿ ಕೊಟ್ಟವರು ನೀವು. ಭಾನುವಾರದೊಳಗೆ ನನ್ನ ಅಣ್ಣನಿಗೊಂದು ಸೀಟು ಕೊಡಿಸಿ. ಬೆಳಿಗ್ಗೆಯಿಂದ ಅವ್ವ ಮಾತು ಬಿಟ್ಟಿದ್ದಾಳೆ. ಬಾಗಿಲು ಸಪ್ಪಳವಾದರೆ ಮಾತ್ರ ಬಲಗೈ ಎತ್ತುತ್ತಾಳೆ. ಬಂದವಳು ನಾನೆಂದು ತಿಳಿದ ಮೇಲೆ ಇಳಿಸುತ್ತಾಳೆ.

ಇಂತಿ,
ನಿಮ್ಮ ಪ್ರಜೆಯೋ ಅವರ ಗಿರಾಕಿಯೋ ತಿಳಿಯದ
ಗುಲ್ನಾಜ, ಸವಣೂರು