ಎರಡನೇ ಮನೆಯ ಒಲೆ

ಶೆನಂದೋವಾ ಕಣಿವೆ, ವರ್ಜೀನಿಯಾ
ಅಕ್ಟೋಬರ್ 9, 1740

ಪ್ರೀತಿಯ ಮಗ ನಿನಿಯನ್‌ಗೆ ಅಮ್ಮನ ಆಶೀರ್ವಾದಗಳು.

ನಿನ್ನ ಕೆಮ್ಮು ನಿಂತಿತೇ? ಮಗ್ಗದ ಮುಂದೆ ಕೂತರೆ ಊಟದ ಹೊತ್ತನ್ನೂ ಮರೆಯುವವನು ನೀನು. ಎಲ್ಸ್‌ಪೆತ್ ಗದರಿಸಿಯಾದರೂ ಬಿಸಿ ಗಂಜಿ ಕುಡಿಸುತ್ತಿರಬೇಕು. ಸೊಸೆ ನಿನಗಿಂತ ಜಾಣೆ. ಮೊಮ್ಮಗಳಿಗೆ ಹಲ್ಲು ಬಂದವೇ? ನನ್ನ ಮಂಡಿನೋವು ಸಮುದ್ರದಲ್ಲೇ ಬಿದ್ದುಹೋಯಿತೋ ಏನೋ, ಇಲ್ಲಿಗೆ ಬಂದ ಮೇಲೆ ಅದರ ಸುದ್ದಿಯೇ ಇಲ್ಲ. ನಿನ್ನ ತಂಗಿ ಜೀನ್, ಅಳಿಯ ಗಾವಿನ್ ಚೆನ್ನಾಗಿದ್ದಾರೆ.

ನಿನ್ನ ಕಾಗದ ಓದಿ ನಗುವೂ ಬಂತು, ಸಿಟ್ಟೂ ಬಂತು. ‘ಅಷ್ಟು ದೊಡ್ಡ ಅಮೆರಿಕದಲ್ಲಿ ಆ ಬೆಟ್ಟದ ಸಂದಿಯೇ ಬೇಕಿತ್ತಾ ನಿಂಗೆ? ಯಾರೂ ಬಿಡಿಸೋಕಾಗದ ಜಮೀನು ತೋರ್ಸು, ಆಮೇಲೆ ಬರ್ತೀನಿ’ ಎಂದು ಬರೆದಿದ್ದೀಯ. ಹಾಗಾದರೆ ಕೇಳು. ಅಮೆರಿಕದಿಂದ ನಮ್ಮೂರಿನ ರೇವಿಗೆ ಅಗಸೆ ಬೀಜ ತರುವ ಹಡಗುಗಳು ಫಿಲಡೆಲ್ಫಿಯಾಕ್ಕೇ ಹಿಂದಿರುಗುವುದರಿಂದ ನಾವೂ ಅಲ್ಲೇ ಇಳಿದೆವು. ಅಲ್ಲಿನ ಸಮತಟ್ಟು ಭೂಮಿಯನ್ನೆಲ್ಲ ಮೊದಲೇ ಬಂದ, ಆಯುಧ ಮುಟ್ಟದ ಕ್ವೇಕರ್ ಪಂಥದವರೂ ಜರ್ಮನರೂ ಹಿಡಿದಾಗಿತ್ತು. ಉಳಿದ ತುಂಡುಗಳಿಗೆ ಗೇಣಿ ಕೇಳಿದರು. ಗೇಣಿ! ಆ ಮಾತು ಕಿವಿಗೆ ಬಿದ್ದದ್ದೇ ತಡ, ಗಂಟುಮೂಟೆ ಎತ್ತಿದೆ. ನಿನ್ನಪ್ಪ ಕಲ್ಲು ಆರಿಸಿ ಹಸನು ಮಾಡಿದ ಹೊಲವನ್ನು ಗೇಣಿಯ ಅವಧಿ ಮುಗಿದೊಡನೆ ಹರಾಜಿಗಿಟ್ಟರಲ್ಲ, ಅದನ್ನು ನಾನು ಸತ್ತರೂ ಮರೆಯಲಾರೆ. ಕ್ವೇಕರ್ ಹಿರಿಯರೊಬ್ಬರು ಬಲು ಮೃದುವಾಗಿ, ‘ನೀವು ಗಟ್ಟಿ ಜನ, ಗಡಿ ಕಡೆ ಹೋದ್ರೆ ನಿಮಗೇ ಒಳ್ಳೇದು’ ಎಂದರು. ಗಡಿಯಲ್ಲಿ ನಾವಿದ್ದರೆ ಅವರಿಗೆ ಚಿಂತೆಯಿಲ್ಲದ ನಿದ್ದೆ, ಅಷ್ಟೂ ತಿಳಿಯದವಳೇ ನಾನು? ಆದರೂ ಬಂದೆವು. ಇಲ್ಲಿನ ಮೂಲನಿವಾಸಿಗಳ ಬೇಟೆದಾರಿಯೇ ಈಗ ನಮ್ಮ ಗಾಡಿದಾರಿ. ಅವರಿಗೆ ಅದು ಹಿಡಿಸಿಲ್ಲ, ಹಿಡಿಸುವುದಾದರೂ ಹೇಗೆ?

ಎರಡು ಬೆಟ್ಟಸಾಲುಗಳ ನಡುವೆ ದಕ್ಷಿಣಕ್ಕೆ ಬಂದಂತೆ ದಾರಿಯುದ್ದಕ್ಕೂ ನಮ್ಮ ಪ್ರೆಸ್ಬಿಟೀರಿಯನ್ ಸಭೆಯವರೇ ಸಿಕ್ಕರು, ನಮ್ಮ ಮಾತೇ ಕೇಳಿಸಿತು. ನಮ್ಮದಲ್ಲದ ಚರ್ಚಿನ ಬಿಷಪ್ಪನಿಗೆ ಬೆಳೆಯ ಹತ್ತನೇ ಪಾಲು ಕೊಡಿ ಎಂದು ಬಾಗಿಲು ತಟ್ಟುವವರು ಇನ್ನೂ ಇಲ್ಲಿಗೆ ದಾರಿ ಕಂಡಿಲ್ಲ. ನೆಲ ಉಬ್ಬುತಗ್ಗು, ನಿಜ. ಆದರೆ ಪ್ರತಿ ಗುಡ್ಡದ ಮಡಿಲಲ್ಲೂ ತಣ್ಣನೆಯ ಚಿಲುಮೆ. ಈ ಕಣಿವೆಯ ಧಣಿಯ ಕಟ್ಟಳೆಯೂ ಸುಲಭ: ಮರದ ಮನೆ ಕಟ್ಟಿ, ಒಲೆ ಹಚ್ಚಿ ವಾಸ ಮಾಡಿದವರಿಗೆ ನೂರು ಎಕರೆ, ಮಕ್ಕಳು ಮೊಮ್ಮಕ್ಕಳ ಕಾಲಕ್ಕೂ. ಜೀನ್‌ಳ ಮನೆ ಮೊದಲೇ ಎದ್ದಿತು. ಪಕ್ಕದ ಚಿಲುಮೆ ನೋಡಿ ನಾನು ಇನ್ನೊಂದು ಮನೆಗೆ ಹಟ ಹಿಡಿದೆ. ‘ಮುದುಕಿಗೆ ಎರಡನೇ ಮನೆ ಯಾಕಮ್ಮಾ?’ ಎಂದು ನೆರೆಯವರು ಕೆಣಕಿದರು. ‘ಮಗಳ ಮನೇಲಿ ಎಷ್ಟು ದಿನ ಬಿದ್ದಿರ್ಲಿ?’ ಎಂದೆ. ನಗುತ್ತಲೇ ಕೊಡಲಿ ಹಿಡಿದು ಬಂದವರು ಸಂಜೆಯೊಳಗೆ ಸೂರು ಹೊದಿಸಿ, ನನ್ನ ವಿಸ್ಕಿ ಜಾಡಿ ಖಾಲಿ ಮಾಡಿ ಹೋದರು.

ಇನ್ನು ನಿನ್ನ ಭಾವಮೈದುನನ ಪರಾಕ್ರಮ ಕೇಳು. ಮೊನ್ನೆ ಧಣಿಯ ಗುಮಾಸ್ತ ಮನೆಗಳನ್ನು ಬರೆದುಕೊಳ್ಳಲು ಬಂದ. ನಾನು ಚಿಲುಮೆಯ ಬಳಿ ಬಟ್ಟೆ ಒಗೆಯುತ್ತಿದ್ದೆ. ಹೊಸ ಮನೆಯಲ್ಲಿದ್ದವನು ಗಾವಿನ್ ಒಬ್ಬನೇ. ಕುದುರೆಯ ಮೇಲೆ ಕರಿ ಕೋಟು ಕಂಡದ್ದೇ ಅವನಿಗೆ ನಮ್ಮೂರಿನಲ್ಲಿ ಒಲೆಗಿಷ್ಟೆಂದು ತೆರಿಗೆ ಎತ್ತುವವರು ನೆನಪಾಗಿ, ಹುಟ್ಟಿನಿಂದ ಬಂದ ಅಭ್ಯಾಸದಂತೆ ಗಡಿಬಿಡಿಯಿಂದ ಕೆಂಡಕ್ಕೆ ಬೂದಿ ಮುಚ್ಚಿ, ‘ಇಲ್ಲಿ ಒಲೆ ಗಿಲೆ ಏನೂ ಇಲ್ಲ ಸ್ವಾಮಿ!’ ಎಂದುಬಿಟ್ಟಿದ್ದಾನೆ. ಅಯ್ಯೋ ನನ್ನ ಕರ್ಮವೇ! ನಾನು ಓಡಿ ಬರುವಷ್ಟರಲ್ಲಿ ಗುಮಾಸ್ತ, ‘ಹೊಗೆ ಇಲ್ಲ, ಒಲೆ ತಣ್ಣಗಿದೆ, ಇಲ್ಲಿ ಯಾರೂ ವಾಸ ಇಲ್ಲ’ ಎಂದು ಕುದುರೆ ಏರಲು ಹೊರಟಿದ್ದ. ನೂರು ಎಕರೆ ಕಣ್ಣೆದುರೇ ಹೊರಟಿತ್ತು ಮಗನೇ. ‘ತಣ್ಣಗಿದೆಯೇನಪ್ಪಾ? ಮುಟ್ಟಿ ಹೇಳು’ ಎಂದವಳೇ ಅವನ ಮಣಿಕಟ್ಟು ಹಿಡಿದು ಒಳಗೆಳೆದು, ಬೆರಳುಗಳನ್ನು ಬೂದಿಗೆ ಅದ್ದಿದೆ. ‘ಅಯ್ಯಯ್ಯೋ, ಸುಟ್ಟೋಯ್ತು!’ ಎಂದು ಕುಣಿದ. ‘ಸುಟ್ಟಿತು ಅಂದ್ಯಲ್ಲ, ಹಾಗೇ ಬರ್ಕೋ’ ಎಂದೆ. ಪಾಪ, ಬೆರಳಿಗೆ ಬೆಣ್ಣೆ ಹಚ್ಚಿ, ಬಿಸಿ ರೊಟ್ಟಿ ಕೊಟ್ಟೆ. ತಿಂದ, ನಕ್ಕ, ಹೆಸರು ಕೇಳಿ ಬರೆದುಕೊಂಡ. ಗೆದ್ದೆವು ಕಣೋ! ಅವನು ಕಣ್ಮರೆಯಾಗುವ ತನಕ ತಡೆದುಕೊಂಡಿದ್ದು ಆಮೇಲೆ ಹೊಸ್ತಿಲ ಮೇಲೆ ಕೂತು ಅತ್ತುಬಿಟ್ಟೆ. ಗಾವಿನ್ ಇಂದಿಗೂ ನನ್ನ ಎದುರಿಗೆ ಬರುವುದಿಲ್ಲ.

ಸೊಸೆಗೆ, ಮೊಮ್ಮಗಳಿಗೆ ನನ್ನ ಮುತ್ತುಗಳು. ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಮ್ಮ,
ಗ್ರಿಜೆಲ್

ಮಡಚಿದ ಕಾಗದ ಬಿಚ್ಚಿ ಬರೆಯುತ್ತಿದ್ದೇನೆ, ಹಡಗಿಗೆ ಕೊಂಡೊಯ್ಯುವವನು ಬಾಗಿಲಲ್ಲಿ ನಿಂತಿದ್ದಾನೆ. ಗುಮಾಸ್ತನಿಗೆ ಹೇಳಿದ್ದು ನನ್ನ ಹೆಸರಲ್ಲ, ನಿನ್ನ ಹೆಸರು. ‘ಎಲ್ಲಮ್ಮಾ ಮಗ?’ ಎಂದ. ‘ಬೇಟೆಗೆ ಹೋಗಿದ್ದಾನೆ’ ಎಂದೆ. ಮುಂದಿನ ಸುಗ್ಗಿಗೆ ನಿನ್ನನ್ನು ಕಣ್ಣಾರೆ ನೋಡಲು ಬರುತ್ತಾನಂತೆ. ಈ ಕಾಗದ ತಂದ ಹಡಗಿನಲ್ಲೇ ಹೊರಟು ಬಾ. ಈ ವಯಸ್ಸಿನಲ್ಲಿ ಅಮ್ಮನನ್ನು ಸುಳ್ಳುಗಾತಿ ಮಾಡಬೇಡ.