ಪುಟ್ಟಿಯ ಹೆಸರಿನ ಕಲ್ಲು

ವೀಕ್ಷಣಾಲಯದ ವಸತಿಗೃಹ,
ಬೆಟ್ಟದ ಮೇಲೆ,
ಮಾರ್ಚ್ ೪, ಬುಧವಾರ

ಮುದ್ದು ಮಗಳೇ,

ನಿನ್ನ ಬೆನ್ನುನೋವು ಹೇಗಿದೆ? ಪುಟ್ಟಿಯ ಕೆಮ್ಮು ಪೂರ್ತಿ ಹೋಯಿತೇ? ಅಳಿಯಂದಿರು ಹೊತ್ತಿಗೆ ಸರಿಯಾಗಿ ಊಟ ಮಾಡುತ್ತಾರೆ ತಾನೆ? ಅವರನ್ನೇ ಕೇಳಿದರೆ ಎಲ್ಲಕ್ಕೂ "ಆಯ್ತು ಆಯ್ತು" ಅನ್ನುತ್ತಾರೆ, ಅದಕ್ಕೇ ನಿನ್ನನ್ನು ಕೇಳುತ್ತಿದ್ದೇನೆ.

ನಿಮ್ಮಪ್ಪ ಕಂಡುಹಿಡಿದ ಕ್ಷುದ್ರಗ್ರಹಕ್ಕೆ ಕೊನೆಗೂ ನಾಮಕರಣವಾಯಿತು. ನೀನು ಕಾಲೇಜಿನಲ್ಲಿದ್ದಾಗ ಸಿಕ್ಕಿದ್ದು, ನೆನಪಿದೆಯಾ? ಆಕಾಶದ ಒಂದೇ ಜಾಗದ ಎರಡು ಚಿತ್ರಗಳನ್ನು ಅದಲುಬದಲು ಮಾಡಿ ನೋಡುತ್ತಾ ಕೂರುತ್ತಿದ್ದರು. ಚುಕ್ಕೆಗಳೆಲ್ಲ ನಿಂತಲ್ಲೇ ನಿಂತಿದ್ದರೆ ಒಂದು ಮಾತ್ರ ಕೂದಲೆಳೆಯಷ್ಟು ಸರಿದಿತ್ತು. ಮಂಗಳ ಮತ್ತು ಗುರುವಿನ ನಡುವೆ ಸುತ್ತುವ ಕಲ್ಲು, ನಿಮ್ಮ ಊರಿನಷ್ಟೂ ದೊಡ್ಡದಿಲ್ಲ. ಅದರ ದಾರಿ ಖಚಿತವಾಗದೆ ಸಂಖ್ಯೆ ಕೊಡುವುದಿಲ್ಲ, ಸಂಖ್ಯೆ ಬಾರದೆ ಹೆಸರಿಡುವಂತಿಲ್ಲ. ವರ್ಷಗಟ್ಟಲೆ ಅದರ ಬೆನ್ನು ಬಿದ್ದರು. ಅದು ಸೂರ್ಯನ ಆಚೆ ಮರೆಯಾದಾಗಲೆಲ್ಲ ಮನೆಯಲ್ಲಿ ಬರೀ ಸಿಡುಕು. ಈಗ ಇವರು ಕಳಿಸಿದ ಹೆಸರನ್ನು ಸಮಿತಿಯವರು ಒಪ್ಪಿದ್ದಾರೆ. ನಮ್ಮ ಪುಟ್ಟಿಯ ಹೆಸರೇ. ನನ್ನ ಹೆಸರು ಯಾಕಿಡಲಿಲ್ಲ ಎಂದು ಕೇಳಿದರೆ, "ನಿನ್ನ ಸುತ್ತ ನಾನೇ ಸುತ್ತುತ್ತಾ ಇದ್ದೀನಲ್ಲ, ಸಾಲದಾ" ಅಂದರು. ಮಾತಿನಲ್ಲಿ ಅವರನ್ನು ಗೆಲ್ಲುವವರುಂಟೇ.

ಆದರೆ ಮಗಳೇ, ಸಂತೋಷಪಡಲೂ ಭಯವಾಗುತ್ತಿದೆ. ಮಸುಕಾದ ನಕ್ಷತ್ರವನ್ನು ನೇರ ದಿಟ್ಟಿಸಬಾರದು, ತುಸು ಪಕ್ಕಕ್ಕೆ ನೋಡಿದರೆ ಕಾಣುತ್ತದೆ ಎಂದು ನಿನಗೂ ಕಲಿಸಿದ್ದರಲ್ಲ. ಈಗೀಗ ಊಟದ ತಟ್ಟೆಯನ್ನೂ ಹಾಗೇ ನೋಡುತ್ತಾರೆ. ನನ್ನ ಜೊತೆ ಮಾತಾಡುವಾಗ ಅವರ ಕಣ್ಣು ನನ್ನ ಕಿವಿಯ ಆಚೆಗಿರುತ್ತದೆ. ಮೊದಲು ತಮಾಷೆ ಎಂದುಕೊಂಡಿದ್ದೆ. ಸೋಮವಾರ ಹೊಸ ನಿರ್ದೇಶಕರು ಮನೆಗೆ ಬಂದು ಆ ಚುಕ್ಕೆ ಯಾವುದೆಂದು ಕೇಳಿದರು. ಇವರು ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. ಬೆರಳಿದ್ದ ಕಡೆ ಬರೀ ಕತ್ತಲು, ಚುಕ್ಕೆ ಒಂದು ಗೇಣು ಆಚೆಗಿತ್ತು. ಪಾಪ, ನಿರ್ದೇಶಕರು ಮರ್ಯಾದೆಗೆ ತಲೆಯಾಡಿಸಿದರು. ನಾನೂ ಆಡಿಸಿದೆ. ಕಣ್ಣಿನ ಡಾಕ್ಟರ ಮಾತೆತ್ತಿದರೆ "ನನ್ನ ಕಣ್ಣಿಗೇನು ಧಾಡಿ" ಎಂದು ಎದ್ದು ಹೋಗುತ್ತಾರೆ. ಇದನ್ನೆಲ್ಲ ಫೋನಿನಲ್ಲಿ ಹೇಳೋಣವೆಂದರೆ ಪಕ್ಕದಲ್ಲೇ ಕೂತಿರುತ್ತಾರೆ.

ಅಳಿಯಂದಿರನ್ನು ಕೇಳಿದೆನೆಂದು ಹೇಳು. ಪುಟ್ಟಿಯ ಎರಡು ಕೆನ್ನೆಗೂ ನನ್ನ ಮುತ್ತು. ಮೂವರೂ ತಣ್ಣಗಿರಿ.

ನಿನ್ನ,
ಅಮ್ಮ

ಮತ್ತೆ: ಮುಂದಿನ ಭಾನುವಾರ ಇವರು ಕಾರಿನಲ್ಲಿ ಅಲ್ಲಿಗೆ ಬರುತ್ತಾರೆ. ಪುಟ್ಟಿಯನ್ನು ಕೂರಿಸಿಕೊಂಡು ಬೆಟ್ಟ ಹತ್ತಿಸಿ ಅವಳ ಕಲ್ಲನ್ನು ತಾವೇ ತೋರಿಸಬೇಕಂತೆ. ಕಾರಿನ ಕೀ ಬಚ್ಚಿಟ್ಟೆ. ಇನ್ನೊಂದು ಮಾಡಿಸಿಕೊಂಡು ಬಂದರು. ಕಳೆದ ವಾರ ಪೇಟೆಗೆ ಹೋಗುವಾಗ ತಿರುವಿನಲ್ಲಿ ಎದುರು ಬಂದ ಬಸ್ಸು, ನಾನು ಕಿರುಚಿದ ಮೇಲಷ್ಟೇ ಅವರಿಗೆ ಕಂಡದ್ದು. ಒಬ್ಬರನ್ನೇ ಕಳಿಸಲಾರೆ, ನಾನೂ ಪಕ್ಕದಲ್ಲಿ ಕೂತು ದಾರಿ ಹೇಳುತ್ತಾ ಬರುತ್ತೇನೆ. ಪುಟ್ಟಿಗೆ ಜ್ವರ ಅನ್ನು, ಪರೀಕ್ಷೆ ಅನ್ನು, ಏನಾದರೂ ಹೇಳು. ಅವರ ಮುಖ ಬಾಡಿದ್ದು ನೋಡಲಾಗದೆ ನಾನೇ "ಕಳ್ಸೇ, ಏನೂ ಆಗಲ್ಲ" ಅಂದೇನು. ಆಗ ನನ್ನ ಮಾತು ಕೇಳಬೇಡ. ಮಗುವನ್ನು ಆ ಕಾರಿಗೆ ಹತ್ತಿಸಬೇಡ.